ಒಂದು ಮೂಗು ಕಡಲಿನದು, ಒಂದು ಹೊಳೆಯದು: ಇಬ್ಬರೂ ಸೇರಿ ಮೀನು ಕೊಳ್ಳುವುದು ಹೇಗೆ?

ಪ್ರಶ್ನೆ: ನಾವು ಕಲಬುರಗಿಯಲ್ಲಿದ್ದೇವೆ. ಮದುವೆಯಾಗಿ ಒಂದು ವರ್ಷ ಆಗುತ್ತಾ ಬಂತು. ನನ್ನ ತವರು ಅಫಜಲಪುರ ಕಡೆ, ಭೀಮಾ ನದಿ ಮೀನು ತಿಂದು ಬೆಳೆದವಳು. ನಮ್ಮ ಮನೆಯವರು ಕುಮಟಾದವರು. ಅವರಿಗೆ ರೋಹು, ಕಾಟ್ಲಾ ಅಂದರೆ ಮಣ್ಣಿನ ವಾಸನೆ, ಮುಳ್ಳು ಬೇರೆ. ನನಗೆ ಅವರು ತರುವ ಬಂಗಡೆ ಅಂದರೆ ವಾಕರಿಕೆ. ಭಾನುವಾರ ಹತ್ತು ಗಂಟೆಗೆ ಹೋಗಿ ಏನೋ ಒಂದು ತರುತ್ತೇವೆ, ಆಮೇಲೆ ಮನೆಯಲ್ಲಿ ಮಾತಿಗೆ ಮಾತು. ಇನ್ನು ಮೇಲೆ ಇಬ್ಬರೂ ಸೇರಿ ಬೆಳಿಗ್ಗೆ ಬೇಗ ಮಾರ್ಕೆಟ್‌ಗೆ ಹೋಗೋಣ ಅಂದುಕೊಂಡಿದ್ದೇವೆ. ಎಷ್ಟು ಹೊತ್ತಿಗೆ ಹೋಗಬೇಕು? ತಾಜಾ ಮೀನು ಗುರುತಿಸುವುದು ಹೇಗೆ? ನೊಣ ಕೂರದ ಮೀನಿಗೆ ಔಷಧ ಹಾಕಿರುತ್ತಾರೆ ಅನ್ನುವುದು ನಿಜವೇ?

ಉತ್ತರ: ನಿಮ್ಮಿಬ್ಬರ ಮೂಗೂ ಸರಿಯಾಗಿಯೇ ಇದೆ. ಒಂದು ಕಡಲ ಮೀನಿನ ಮೇಲೆ ಪಳಗಿದೆ, ಇನ್ನೊಂದು ಹೊಳೆ ಮೀನಿನ ಮೇಲೆ, ಅಷ್ಟೇ. ಈ ಎರಡು ಮೀನು ಕೆಡುವ ರೀತಿಯೇ ಬೇರೆ. ಹಾಗಾಗಿ ಒಬ್ಬರಿಗೆ ಗೊತ್ತಾಗುವುದು ಇನ್ನೊಬ್ಬರಿಗೆ ಗೊತ್ತಾಗುವುದಿಲ್ಲ. ಇಬ್ಬರೂ ಒಟ್ಟಿಗೆ ಹೋಗುವ ನಿಮ್ಮ ಯೋಚನೆ ನನಗೆ ತುಂಬಾ ಹಿಡಿಸಿದ್ದು ಇದೇ ಕಾರಣಕ್ಕೆ. ಮೊದಲು ವಾಸನೆಯ ವಿಷಯ ಬಗೆಹರಿಸೋಣ.

ಕಡಲ ಮೀನಿನ ಮಾಂಸದಲ್ಲಿ ಟ್ರೈಮೀಥೈಲಮೈನ್ ಆಕ್ಸೈಡ್ ಎಂಬ ವಸ್ತು ಇರುತ್ತದೆ. ಉಪ್ಪು ನೀರಿನ ಬದುಕಿಗೆ ಅದು ಬೇಕು. ಅದಕ್ಕೆ ವಾಸನೆ ಇಲ್ಲ. ಮೀನು ಸತ್ತ ಮೇಲೆ ಬ್ಯಾಕ್ಟೀರಿಯಾಗಳು ಅದನ್ನು ಟ್ರೈಮೀಥೈಲಮೈನ್ ಮಾಡುತ್ತವೆ. ನಿಮಗೆ ವಾಕರಿಕೆ ತರುವ ಆ ಗಾಢವಾದ ಮೀನು ವಾಸನೆ ಇದರದ್ದು. ದೋಣಿಯಿಂದ ಈಗಷ್ಟೇ ಇಳಿದ ಬಂಗಡೆಯನ್ನು ಮೂಸಿ ನೋಡಿದರೆ ಈ ವಾಸನೆ ಸಿಗುವುದೇ ಇಲ್ಲ. ಗಂಟೆ ಕಳೆದಂತೆ, ಐಸ್ ಕರಗಿದಂತೆ ಅದು ಏರುತ್ತದೆ. ಮುಂದಿನ ರಜೆಯಲ್ಲಿ ಕುಮಟಾಕ್ಕೆ ಹೋದಾಗ ಬೆಳಿಗ್ಗೆ ಮೀನು ಇಳಿಯುವ ಜಾಗಕ್ಕೆ ಹೋಗಿ ಬನ್ನಿ. ಬಂಗಡೆಯ ಬಗ್ಗೆ ನಿಮ್ಮ ಅಭಿಪ್ರಾಯ ಬದಲಾಗುತ್ತದೆ ಅಂತ ನನಗೆ ನಂಬಿಕೆ ಇದೆ.

ರೋಹು, ಕಾಟ್ಲಾದಲ್ಲಿ ಈ ವಸ್ತು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅದಕ್ಕೇ ಕೆಡುತ್ತಿರುವ ರೋಹು ಬಂಗಡೆಯ ಹಾಗೆ ದೂರದಿಂದಲೇ ನಾರುವುದಿಲ್ಲ. ಕುಮಟಾದಲ್ಲಿ ಪಳಗಿದ ಮೂಗು ಅದನ್ನು ‘ವಾಸನೆ ಇಲ್ಲ, ಚೆನ್ನಾಗಿದೆ’ ಅಂತ ಪಾಸು ಮಾಡಿಬಿಡುತ್ತದೆ. ಅದೇ ಮೂಗು ಒಳ್ಳೆಯ ತಾಜಾ ರೋಹುವನ್ನು ಮಣ್ಣು ವಾಸನೆ ಅಂತ ತಳ್ಳಿಹಾಕುತ್ತದೆ. ಮಣ್ಣು ವಾಸನೆಗೂ ಕೆಡುವುದಕ್ಕೂ ಸಂಬಂಧವೇ ಇಲ್ಲ. ಅದಕ್ಕೆ ಮುಖ್ಯ ಕಾರಣ ಜಿಯೋಸ್ಮಿನ್ ಎಂಬ ವಸ್ತು. ನೀರಿನ ಪಾಚಿ ಮತ್ತು ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಮಾಡುತ್ತವೆ, ಮೀನಿನ ಕೊಬ್ಬಿನಲ್ಲಿ ಅದು ಸೇರಿಕೊಳ್ಳುತ್ತದೆ. ಮೊದಲ ಮಳೆ ಬಿದ್ದಾಗ ನಮ್ಮ ಎರೆ ಹೊಲದಿಂದ ಏಳುವ ವಾಸನೆಯಲ್ಲೂ ಇರುವುದು ಇದೇ. ತಿಂದರೆ ಏನೂ ಆಗುವುದಿಲ್ಲ. ಬೇಸಿಗೆಯಲ್ಲಿ ಕೆರೆ ನೀರು ಇಳಿದು ಹಸಿರುಗಟ್ಟಿದಾಗ ಈ ವಾಸನೆ ಜಾಸ್ತಿ, ನದಿ ಹರಿಯುತ್ತಿರುವಾಗ ಕಡಿಮೆ.

ಹಾಗಾದರೆ ಕಲಬುರಗಿಯಲ್ಲಿ ಯಾವುದನ್ನು ಕೊಳ್ಳಬೇಕು? ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಮೀನಿನ ಹೆಸರು ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಹೋಗಬೇಡಿ. ನೀರಿನಿಂದ ತೆಗೆದು ಎಷ್ಟು ಹೊತ್ತಾಯಿತು, ಆ ಹೊತ್ತನ್ನೆಲ್ಲ ಮೀನು ಎಷ್ಟು ತಂಪಿನಲ್ಲಿ ಕಳೆಯಿತು ಅನ್ನುವುದೇ ಮುಖ್ಯ. ನಮ್ಮ ಊರಿಂದ ಪೂರ್ವಕ್ಕೆ ಹೋದರೂ ಪಶ್ಚಿಮಕ್ಕೆ ಹೋದರೂ ಸಮುದ್ರ ಐನೂರು ಕಿ.ಮೀ. ಆಸುಪಾಸು. ಕಡಲ ಮೀನು ದೋಣಿಯಲ್ಲಿ ಕಳೆದ ಹೊತ್ತು, ದಕ್ಕೆಯಲ್ಲಿ ಕಳೆದ ಹೊತ್ತು, ಲಾರಿಯಲ್ಲಿ ಕಳೆದ ಹೊತ್ತು ಎಲ್ಲ ಸೇರಿಸಿ ನೋಡಿ. ಬೆಣ್ಣೆತೊರಾ ಜಲಾಶಯದಲ್ಲಿ ಹಿಂದಿನ ಸಂಜೆ ಬಲೆ ಬಿಟ್ಟು ನಸುಕಿನಲ್ಲಿ ಎತ್ತಿದ ಮೀನು ನಿಮ್ಮ ಮುಂದೆ ಬಂದಾಗ ಅದಕ್ಕೆ ಕೆಲವೇ ಗಂಟೆ ವಯಸ್ಸು. ಅಂಥದ್ದು ಸಿಕ್ಕ ದಿನ ಬೇರೆ ಏನನ್ನೂ ನೋಡಬೇಡಿ.

ಆದರೆ ಮಾರ್ಕೆಟ್‌ನಲ್ಲಿರುವ ರೋಹು ಎಲ್ಲವೂ ಇಲ್ಲಿಯದಲ್ಲ. ದೇಶದಲ್ಲಿ ಅತಿ ಹೆಚ್ಚು ಮೀನು ಉತ್ಪಾದಿಸುವ ರಾಜ್ಯ ಆಂಧ್ರ. ಅಲ್ಲಿ ಕೊಲ್ಲೇರು ಕೆರೆಯ ಸುತ್ತ, ಭೀಮವರಂ ಕಡೆ ಸಾಕಿದ ರೋಹು, ಕಾಟ್ಲಾ ಐಸ್ ತುಂಬಿದ ಲಾರಿಗಳಲ್ಲಿ ಅಸ್ಸಾಂವರೆಗೂ ಹೋಗುತ್ತದೆ. ಎಲ್ಲವೂ ಒಂದೇ ಅಳತೆ, ಸಾಲಾಗಿ ಜೋಡಿಸಿದ ಹಾಗೆ ಕಂಡರೆ ಅದು ಬಹುತೇಕ ಸಾಕಿದ ಕೊಳದ ಮೀನು. ನಮ್ಮ ಭೀಮಾ ನದಿ, ಕಾರಂಜಾ, ಬಸವಸಾಗರ ಜಲಾಶಯಗಳ ಕಡೆಯ ಮೀನು ಬಂದರೆ ಬುಟ್ಟಿಯಲ್ಲಿ ದೊಡ್ಡದು, ಸಣ್ಣದು, ಬೇರೆ ಬೇರೆ ಜಾತಿ ಎಲ್ಲ ಕಲೆತಿರುತ್ತದೆ. ತಲೆಯ ಹಿಂದೆ ಸುತ್ತಲೂ ಒಂದು ಸಣ್ಣ ಗೆರೆ ಇದೆಯೇ ನೋಡಿ. ಕೆಲವು ಹುರುಪೆ ಎದ್ದಿರುತ್ತವೆ, ಚರ್ಮದ ಮೇಲೆ ದಾರ ಒತ್ತಿದ ಗುರುತು ಇರುತ್ತದೆ. ಬಲೆಯ ಕಣ್ಣಿಗೆ ತಲೆ ತೂರಿಸಿ ಸಿಕ್ಕಿಬಿದ್ದ ಮೀನಿಗೆ ಆಗುವ ಗುರುತು ಅದು. ಆಂಧ್ರದ್ದು ಅಂದ ಮಾತ್ರಕ್ಕೆ ಬೇಡ ಅನ್ನಬೇಕಾಗಿಲ್ಲ. ಸರಿಯಾಗಿ ಐಸ್ ಹಾಕಿದ ರೋಹು ಎರಡು ವಾರದ ಹತ್ತಿರ ತಿನ್ನುವ ಹಾಗೇ ಇರುತ್ತದೆ. ರುಚಿ ಮಾತ್ರ ಮೊದಲ ಕೆಲವು ದಿನಗಳದ್ದೇ ಬೇರೆ.

ನಿಮ್ಮ ಮನೆಯವರಿಗೆ ಹೇಳಲು ಒಂದು ಸಂಗತಿ ಇದೆ. ರೋಹು, ಕಾಟ್ಲಾ, ಮೃಗಾಲ್ ಮೂಲತಃ ಭೀಮಾ ನದಿಯವಲ್ಲ, ಗಂಗಾ ಬಯಲಿನ ಮೀನುಗಳು. ನಿಂತ ನೀರಿನಲ್ಲಿ ಅವು ಮರಿ ಮಾಡುವುದಿಲ್ಲ, ಹರಿಯುವ ಪ್ರವಾಹ ಬೇಕು. 1957ರ ಜುಲೈ 10ರಂದು ಹೀರಾಲಾಲ್ ಚೌಧುರಿ ಮತ್ತು ಕೆ. ಎಚ್. ಅಲಿಕುಂಞಿ ಒಡಿಶಾದಲ್ಲಿ ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಇವುಗಳಿಂದ ಮೊಟ್ಟೆ ಇಡಿಸಿದರು. ಆ ಮೇಲೆ ದೇಶದ ಎಲ್ಲ ಕೆರೆಗಳಿಗೂ ಮರಿ ಬಿಡುವುದು ಸಾಧ್ಯವಾಯಿತು. ಜುಲೈ 10ನ್ನು ರಾಷ್ಟ್ರೀಯ ಮೀನು ಕೃಷಿಕರ ದಿನ ಅಂತ ಆಚರಿಸುವುದು ಇದಕ್ಕೇ. ಅಪ್ಪಟ ಹೊಳೆ ಮೀನು ಬೇಕು ಅಂದರೆ ಮರಲ್ ಕೇಳಿ, ಕೆಲವರು ಕೊರವ ಅನ್ನುತ್ತಾರೆ. ಬಾಳೆ ಮೀನು ಸಿಕ್ಕರೂ ಸೈ.

ಹೊತ್ತಿನ ವಿಷಯಕ್ಕೆ ಬರೋಣ. ಬೇಸಿಗೆಯಲ್ಲಿ ಆರಕ್ಕೆ ಅಲ್ಲಿರಿ, ಚಳಿಗಾಲದಲ್ಲಿ ಏಳರೊಳಗೆ ಹೋದರೆ ಸಾಕು. ನಸುಕಿನ ಸಗಟು ವ್ಯಾಪಾರ ಮುಗಿದು ಚಿಲ್ಲರೆ ಮಾರುವವರು ಬುಟ್ಟಿ ಬಿಚ್ಚುವ ಹೊತ್ತು ಅದು. ಏಪ್ರಿಲ್, ಮೇನಲ್ಲಿ ನಮ್ಮಲ್ಲಿ 42 ಡಿಗ್ರಿ ದಾಟುತ್ತದೆ ಅಲ್ವಾ? ಹತ್ತು ಗಂಟೆಗೆ ನೀವು ನೋಡುವ ಮೀನು ಐಸ್ ಇಲ್ಲದೆ ಮೂರು ತಾಸು ಬಿಸಿಲ ಝಳದಲ್ಲಿ ಕೂತಿರುತ್ತದೆ. ನಿಮ್ಮ ಭಾನುವಾರದ ಜಗಳಕ್ಕೆ ಅರ್ಧ ಕಾರಣ ಆ ಹತ್ತು ಗಂಟೆಯೇ. ಇನ್ನೊಂದು ಮಾತು. ಬೇಗ ಹೋದ ಮಾತ್ರಕ್ಕೆ ತಾಜಾ ಸಿಕ್ಕೇ ಸಿಗುತ್ತದೆ ಅಂತಲ್ಲ. ನಿನ್ನೆ ಉಳಿದ ಮಾಲು ಥರ್ಮಾಕೋಲ್ ಡಬ್ಬಿಯಿಂದ ಹೊರಗೆ ಬರುವುದೂ ಬೆಳಿಗ್ಗೆಯೇ. ಯಾವುದು ಡಬ್ಬಿಯಿಂದ ಬಂತು, ಯಾವುದು ಗಾಡಿಯಿಂದ ಇಳಿಯಿತು ಅಂತ ಸ್ವಲ್ಪ ಹೊತ್ತು ದೂರ ನಿಂತು ನೋಡಿ. ‘ಯಕ್ಕಾ, ಇದು ನಿನ್ನಿದೇನು?’ ಅಂತ ಸಮಾಧಾನದಿಂದ ಕೇಳಿದರೆ ಹೆಚ್ಚಿನವರು ನಿಜವನ್ನೇ ಹೇಳುತ್ತಾರೆ. ವಾರ ವಾರ ಒಬ್ಬರ ಹತ್ತಿರವೇ ಕೊಂಡರೆ ಅವರೇ ‘ಇವತ್ತು ಇದು ಬ್ಯಾಡ್ರೀ’ ಅನ್ನುತ್ತಾರೆ. ಮೀನು ಪೇಟೆಯಲ್ಲಿ ಈ ನಂಬಿಕೆಗಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ.

ರೋಹು, ಕಾಟ್ಲಾ ನೋಡುವ ಕೆಲಸ ನಿಮ್ಮದು. ಎಲ್ಲರೂ ಮೊದಲು ಕಣ್ಣು ನೋಡುತ್ತಾರೆ. ಕಣ್ಣು ಉಬ್ಬಿ, ತಿಳಿಯಾಗಿದ್ದರೆ ಒಳ್ಳೆಯದೇ, ಆದರೆ ಐಸ್ ನೇರವಾಗಿ ತಾಗಿದ ಕಣ್ಣು ಒಳ್ಳೆಯ ಮೀನಿನಲ್ಲೂ ಬೆಳ್ಳಗಾಗುತ್ತದೆ. ಹಾಗಾಗಿ ಕಣ್ಣೊಂದನ್ನೇ ನಂಬಬೇಡಿ, ಕಿವಿರು ನೋಡಿ. ಕಿವಿರಿನ ಮುಚ್ಚಳವನ್ನು ಹೆಬ್ಬೆರಳಿನಿಂದ ಎತ್ತಿ. ತಾಜಾ ಮೀನಿನ ಕಿವಿರು ಕಡುಕೆಂಪಾಗಿರುತ್ತದೆ, ಅದರ ಎಳೆಗಳು ಬಾಚಣಿಗೆಯ ಹಲ್ಲಿನ ಹಾಗೆ ಬಿಡಿಬಿಡಿಯಾಗಿ ನಿಂತಿರುತ್ತವೆ. ಮೇಲಿನ ಲೋಳೆ ತೆಳ್ಳಗೆ, ನೀರಿನಂತೆ ಇರುತ್ತದೆ. ಹೊತ್ತಾದಂತೆ ಬಣ್ಣ ಇಟ್ಟಿಗೆಗೆ, ಆಮೇಲೆ ಕಂದಿಗೆ, ಕೊನೆಗೆ ಬೂದಿಗೆ ತಿರುಗುತ್ತದೆ. ಎಳೆಗಳು ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗುತ್ತವೆ, ಲೋಳೆ ಹಳದಿಯಾಗಿ ಬೆರಳಿಗೆ ಅಂಟುತ್ತದೆ. ಮೂಸುವುದಾದರೆ ಇಲ್ಲೇ ಮೂಸಬೇಕು, ಮೈಯನ್ನಲ್ಲ. ಹೊಳೆ ಮೀನು ಮೊದಲು ಕೆಡುವುದು ಕಿವಿರಿನಲ್ಲಿ ಮತ್ತು ಕರುಳಿನಲ್ಲಿ. ಹುಳಿ ವಾಸನೆ ಬಂದರೆ ಬಿಟ್ಟುಬಿಡಿ. ಕಿವಿರು ಕಿತ್ತು ತೆಗೆದ ಮೀನನ್ನು ಯಾಕೆ ಕಿತ್ತಿದ್ದಾರೆ ಅಂತ ಕೇಳದೆ ಕೊಳ್ಳಬೇಡಿ.

ಆಮೇಲೆ ಹೊಟ್ಟೆ. ಮೃದುವಾಗಿ ಜೋತುಬಿದ್ದಿದ್ದರೆ ಒಳಗೆ ಕರುಳು ಕರಗಲು ಶುರುವಾಗಿದೆ ಅಂತ ಅರ್ಥ. ಬೆನ್ನಿನ ಮೇಲೆ ಬೆರಳಿಂದ ಒತ್ತಿ, ಗುಣಿ ತಕ್ಷಣ ಮೇಲೆದ್ದರೆ ಸರಿ. ಹುರುಪೆ ಬಿಗಿಯಾಗಿ ಹಿಡಿದಿರಬೇಕು.

ಬಂಗಡೆ ನೋಡುವುದು ನಿಮ್ಮ ಮನೆಯವರ ಕೆಲಸ, ಇದರಲ್ಲಿ ಅವರ ಮೂಗನ್ನು ಪೂರ್ತಿ ನಂಬಬಹುದು. ಬೆನ್ನಿನ ನೀಲಿ ಹಸಿರು ಹೊಳಪು ಉಳಿದಿರಬೇಕು, ಹೊಟ್ಟೆ ಒಡೆದಿರಬಾರದು. ಆದರೆ ಅವರಿಗೂ ಒಂದು ವಿಷಯ ಹೇಳಬೇಕು. ಬಂಗಡೆ, ಭೂತಾಯಿ, ಸೂರೆ ಮೀನಿನಂಥವುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ವಸ್ತು ಜಾಸ್ತಿ. ಬಿಸಿಯಲ್ಲಿ ಇಟ್ಟರೆ ಬ್ಯಾಕ್ಟೀರಿಯಾ ಅದನ್ನು ಹಿಸ್ಟಮಿನ್ ಮಾಡುತ್ತವೆ. ಅಂಥ ಮೀನು ತಿಂದ ಸ್ವಲ್ಪ ಹೊತ್ತಿಗೇ ಮುಖ ಕೆಂಪಾಗುವುದು, ಮೈ ತುರಿಕೆ, ತಲೆನೋವು, ಎದೆ ಬಡಿತ ಶುರುವಾಗಬಹುದು. ಜನ ಅದನ್ನು ‘ಮೀನು ಅಲರ್ಜಿ’ ಅಂದುಕೊಂಡು ಜೀವನಪೂರ್ತಿ ಮೀನು ಬಿಡುವುದೂ ಇದೆ. ಹಿಸ್ಟಮಿನ್‌ಗೆ ವಾಸನೆ ಇಲ್ಲ, ಎಷ್ಟು ಹುರಿದರೂ ಅದು ಹೋಗುವುದಿಲ್ಲ. ತಡೆಯುವುದು ಐಸ್ ಒಂದೇ. ಅದಕ್ಕೇ ಕಲಬುರಗಿಯಲ್ಲಿ ಬಂಗಡೆ ಕೊಳ್ಳುವಾಗ ಮೀನಿಗಿಂತ ಮೊದಲು ಐಸ್ ನೋಡಿ ಅನ್ನುತ್ತೇನೆ. ಮೀನಿನಷ್ಟೇ ತೂಕದ ಐಸ್ ಇರಬೇಕು, ಮೀನು ಅದರಲ್ಲಿ ಹುದುಗಿರಬೇಕು. ಬರೀ ಹಲಗೆ ಮೇಲೆ ಹರಡಿ ಆಗಾಗ ನೀರು ಚಿಮುಕಿಸುತ್ತಿದ್ದರೆ ಮುಂದೆ ಹೋಗಿ.

ತಿಂಗಳನ್ನೂ ನೋಡಿ. ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಜೂನ್ ಮೊದಲ ಎರಡು ವಾರ ಎರಡೂ ಕಡೆ ಬಂದ್. ಆಗ ಇಲ್ಲಿ ರಾಶಿ ರಾಶಿ ಕಡಲ ಮೀನು ಕಂಡರೆ ಶೀತಲ ಗೃಹದ್ದಾಗಿರುವ ಸಂಭವವೇ ಜಾಸ್ತಿ. ಅದೇ ಹೊತ್ತಿಗೆ ಮೃಗಶಿರ ಮಳೆ ಕೂಡುತ್ತದೆ. ಆ ದಿನ ಮೀನು ತಿನ್ನುವ ರೂಢಿ ತೆಲಂಗಾಣದಲ್ಲಿ ಇರುವುದರಿಂದ ಹೈದರಾಬಾದ್ ಪೇಟೆಯಲ್ಲಿ ಜನ ಮುಗಿಬೀಳುತ್ತಾರೆ. ಏಪ್ರಿಲ್, ಮೇನಲ್ಲಿ ಮಾತ್ರ ಕೆರೆಗಳ ನೀರು ಇಳಿದು ಬಲೆಗೆ ಸುಲಭವಾಗಿ ಬೀಳುವುದರಿಂದ ಸ್ಥಳೀಯ ಮೀನು ಚೆನ್ನಾಗಿ ಸಿಗುತ್ತದೆ. ಮಳೆಗಾಲದಲ್ಲಿ ಹೊಟ್ಟೆ ತುಂಬಾ ತತ್ತಿ ಇರುವ ಹೊಳೆ ಮೀನನ್ನು ನಾನು ಕೊಳ್ಳುವುದಿಲ್ಲ, ನೀವೂ ಬಿಟ್ಟರೆ ಸಂತೋಷ. ಮುಂದಿನ ವರ್ಷದ ಮೀನು ಅದರಲ್ಲೇ ಇದೆ.

ಟಬ್‌ನಲ್ಲಿ ಜೀವಂತ ಇರುವುದನ್ನು ಕಂಡು ಇದಕ್ಕಿಂತ ತಾಜಾ ಇನ್ನೇನು ಅನ್ನಿಸುತ್ತದೆ. ಮರಲ್ ಆದರೆ ಖಂಡಿತ ಕೊಳ್ಳಿ. ಅದು ಗಾಳಿಯನ್ನೂ ಉಸಿರಾಡುವ ಮೀನು, ಅದಕ್ಕೇ ಸ್ವಲ್ಪ ನೀರಿನಲ್ಲೂ ಬದುಕಿರುತ್ತದೆ. ಮುಳ್ಳು ಕಡಿಮೆ, ಬೆಲೆ ಜಾಸ್ತಿ. ತೆಲಂಗಾಣ ತನ್ನ ರಾಜ್ಯ ಮೀನು ಅಂತ ಆರಿಸಿಕೊಂಡಿದ್ದು ಇದನ್ನೇ. ಆದರೆ ಅದೇ ಟಬ್‌ನಲ್ಲಿ ಚಪ್ಪಟೆ ತಲೆ, ಉದ್ದ ಮೀಸೆಯ ಭಾರಿ ಗಾತ್ರದ ಮೀನು ಇದ್ದರೆ ಹುಷಾರು. ಅದು ಆಫ್ರಿಕನ್ ಕ್ಯಾಟ್‌ಫಿಶ್ ಇರಬಹುದು. ಅದರ ಸಾಕಣೆಗೆ ನಮ್ಮ ದೇಶದಲ್ಲಿ ನಿಷೇಧ ಇದೆ. ಕದ್ದು ಸಾಕುವವರು ಎಷ್ಟೋ ಕಡೆ ಕಸಾಯಿಖಾನೆಯ ತ್ಯಾಜ್ಯ ಹಾಕಿ ಬೆಳೆಸುತ್ತಾರೆ. ಹೊಳೆಗೆ ತಪ್ಪಿಸಿಕೊಂಡರೆ ನಮ್ಮ ಮೀನುಗಳನ್ನು ತಿಂದು ಮುಗಿಸುತ್ತದೆ. ಅಗ್ಗ ಅಂತ ಆಸೆಪಡಬೇಡಿ.

ನೊಣದ ಮಾತು. 2018ರಲ್ಲಿ ಕೇರಳ, ಗೋವಾಗಳಲ್ಲಿ ಫಾರ್ಮಾಲಿನ್ (ಶವ ಕೆಡದಂತೆ ಇಡಲು ಬಳಸುವ ರಾಸಾಯನಿಕ) ಗದ್ದಲ ಎದ್ದ ಮೇಲೆ ಈ ಮಾತು ಊರೂರಿಗೆ ಹಬ್ಬಿತು. ಮೀನಿಗೆ ಫಾರ್ಮಾಲಿನ್ ಹಾಕುವಂತಿಲ್ಲ, ಅದು ಅಪರಾಧ. ಆದರೆ ನೊಣ ಇಲ್ಲ ಅನ್ನುವುದು ಪುರಾವೆ ಅಲ್ಲ. ಚೆನ್ನಾಗಿ ಐಸ್ ಹಾಕಿದ ಮೀನಿನ ಹತ್ತಿರವೂ ನೊಣ ಕಡಿಮೆಯೇ. ಸುಮ್ನೆ ನೊಣ ಎಣಿಸುತ್ತಾ ನಿಂತರೆ ಒಳ್ಳೆಯ ಮೀನು ಇಟ್ಟವರಿಗೆ ಅನ್ಯಾಯ ಆಗುತ್ತದೆ. ಮೈ ರಬ್ಬರಿನಂತೆ ಪೆಡಸಾಗಿದ್ದು, ಕಿವಿರು ಮಾತ್ರ ಬಿಳಚಿಕೊಂಡು, ಮೀನಿನ ಯಾವ ವಾಸನೆಯೂ ಇಲ್ಲದಿದ್ದರೆ ಅನುಮಾನಪಡಿ. ಖಚಿತ ಆಗಬೇಕು ಅಂದರೆ ಕೊಚ್ಚಿಯ ಕೇಂದ್ರೀಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆ ಕಾಗದದ ಪಟ್ಟಿಯ ಪರೀಕ್ಷೆ ಕಂಡುಹಿಡಿದಿದೆ. ಪಟ್ಟಿಯನ್ನು ಮೀನಿಗೆ ಉಜ್ಜಿ ದ್ರಾವಣದ ಹನಿ ಹಾಕಿದರೆ ಬಣ್ಣ ಹೇಳುತ್ತದೆ.

ಕೊಂಡ ಮೇಲೆ ಒಬ್ಬರು ಕಡಿಯುವವರ ಪಕ್ಕದಲ್ಲೇ ನಿಲ್ಲಿ. ತೂಕ ಮಾಡಿದ ಮೀನೇ ಕಡಿಯುವ ಮಣೆಗೆ ಬಂತು ಅಂತ ಖಾತ್ರಿ ಆಗುತ್ತದೆ, ಜೊತೆಗೆ ಪಿತ್ತಕೋಶದ ಮೇಲೆ ಕಣ್ಣಿಡಬಹುದು. ಕರುಳು ತೆಗೆಯುವಾಗ ಯಕೃತ್ತಿನ ಹತ್ತಿರ ಕಡುಹಸಿರಿನ ಸಣ್ಣ ಚೀಲ ಕಾಣುತ್ತದೆ. ಅದು ಒಡೆದರೆ ತಾಗಿದ ಮಾಂಸವೆಲ್ಲ ಕಹಿ. ಒಡೆದರೆ ಆಗಲೇ ನೀರು ಸುರಿಸಿ, ಹಸಿರು ಬಣ್ಣ ಹತ್ತಿದ ಭಾಗ ಕತ್ತರಿಸಿ ತೆಗೆಸಿ. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ರೋಹುವಿನ ಪಿತ್ತ ಸಕ್ಕರೆ ಕಾಯಿಲೆಗೆ, ಕೀಲುನೋವಿಗೆ ಒಳ್ಳೆಯದು ಅಂತ ಹಸಿಯಾಗಿ ನುಂಗುವವರಿದ್ದಾರೆ. ಅದರಲ್ಲಿರುವ ವಿಷ ಕಿಡ್ನಿಯನ್ನೇ ನಿಲ್ಲಿಸುತ್ತದೆ, ಡಯಾಲಿಸಿಸ್‌ವರೆಗೂ ಹೋದವರ ವರದಿಗಳು ನಮ್ಮ ದೇಶದಲ್ಲೇ ಇವೆ. ಬೇಯಿಸಿದರೂ ವಿಷ ಹೋಗುವುದಿಲ್ಲ. ಮನೆಯಲ್ಲಿ ಯಾರಾದರೂ ಹಿರಿಯರು ಕೇಳಿದರೂ ಕೊಡಬೇಡಿ.

ಮುಳ್ಳಿನ ದೂರಿಗೂ ಕಡಿಯುವ ಜಾಗದಲ್ಲೇ ಪರಿಹಾರ ಇದೆ. ಬಂಗಡೆ ತಿಂದು ಬೆಳೆದವರಿಗೆ ನಡುಮುಳ್ಳು ಎತ್ತಿದರೆ ಕೆಲಸ ಮುಗಿಯಿತು. ರೋಹುವಿನ ಬೆನ್ನು, ಬಾಲದ ಮಾಂಸದೊಳಗೆ ಯಾವ ಎಲುಬಿಗೂ ಅಂಟದ ಕವಲು ಮುಳ್ಳುಗಳು ಇರುತ್ತವೆ. ಅರ್ಧ ಕೆ.ಜಿ. ಮೀನಿನಲ್ಲಿ ಅವು ಕೂದಲಿನಷ್ಟು ಸಣ್ಣ, ಕೈಗೆ ಸಿಗುವುದಿಲ್ಲ. ಎರಡು ಕೆ.ಜಿ. ಮೇಲಿನ ಮೀನಿನಲ್ಲಿ ದಪ್ಪ, ಸುಲಭವಾಗಿ ಕಾಣುತ್ತವೆ. ದೊಡ್ಡ ಮೀನು ಆರಿಸಿ, ಹೊಟ್ಟೆ ಕಡೆಯ ತುಂಡು ಅವರಿಗೆ ಬಡಿಸಿ. ಅಲ್ಲಿ ಪಕ್ಕೆಲುಬು ಮಾತ್ರ. ಕಾಟ್ಲಾ ಕೊಂಡರೆ ತಲೆಯಲ್ಲಿ ತುಂಬಾ ತೂಕ ಹೋಗುತ್ತದೆ, ಆದ್ದರಿಂದ ತಲೆ ಸಾರು ಮಾಡುವವರಿಗಷ್ಟೇ ಲಾಭ. ಮುಳ್ಳಿನ ರಗಳೆಯೇ ಬೇಡ ಅನ್ನುವ ದಿನ ಜಿಲೇಬಿ ಮೀನು (ತಿಲಾಪಿಯಾ) ತನ್ನಿ, ಅದಕ್ಕೆ ಈ ಕವಲು ಮುಳ್ಳು ಇಲ್ಲ.

ಇನ್ನು ಅಡುಗೆಮನೆ. ನಿಮ್ಮಿಬ್ಬರ ದೂರಿಗೂ ಮದ್ದು ಒಂದೇ, ಹುಳಿ. ಬಂಗಡೆಯ ಟ್ರೈಮೀಥೈಲಮೈನ್ ಹುಳಿ ತಾಗಿದರೆ ಲವಣವಾಗಿ ಕೂರುತ್ತದೆ, ಗಾಳಿಗೆ ಏಳುವುದಿಲ್ಲ. ರೋಹುವಿನ ಜಿಯೋಸ್ಮಿನ್ ಹುಳಿಯಲ್ಲಿ ಒಡೆದು ವಾಸನೆ ಕಳೆದುಕೊಳ್ಳುತ್ತದೆ. ಕುಮಟಾದಲ್ಲಿ ಮುರುಗಲ ಸಿಪ್ಪೆ, ನಮ್ಮಲ್ಲಿ ಹುಣಸೆ ಹಣ್ಣು ಮೀನಿನ ಜೊತೆ ಬಂದಿದ್ದು ಸುಮ್ನೆ ಅಲ್ಲ. ರೋಹು ತುಂಡುಗಳ ಹೊಟ್ಟೆಯೊಳಗಿನ ಕಪ್ಪು ಪೊರೆಯನ್ನು ಉಪ್ಪು ಹಚ್ಚಿ ಉಜ್ಜಿ ಪೂರ್ತಿ ತೆಗೆಯಿರಿ. ಬೆನ್ನೆಲುಬಿನ ಕೆಳಗೆ ಹೆಪ್ಪುಗಟ್ಟಿದ ರಕ್ತವನ್ನೂ ತೆಗೆಯಿರಿ. ಆಮೇಲೆ ಗಟ್ಟಿ ಹುಣಸೆ ನೀರು, ಉಪ್ಪು, ಅರಿಶಿನ ಹಚ್ಚಿ ಇಪ್ಪತ್ತು ನಿಮಿಷ ಬಿಟ್ಟು ತೊಳೆಯಿರಿ. ಬಿಸಿ ಜೋಳದ ರೊಟ್ಟಿ ಜೊತೆ ಒಮ್ಮೆ ಬಡಿಸಿ ನೋಡಿ. ಬಂಗಡೆಗೆ ಹುಳಿಯ ಜೊತೆ ಇನ್ನೊಂದು ಕೆಲಸ: ಮನೆಗೆ ಬಂದ ತಕ್ಷಣ ಕಿವಿರು, ಕರುಳು ತೆಗೆಯಬೇಕು.

ಮನೆಗೆ ತರುವ ದಾರಿಯನ್ನು ಮರೆಯಬೇಡಿ. ಸ್ಕೂಟರ್ ಡಿಕ್ಕಿಯಲ್ಲಿ ಕಪ್ಪು ಕ್ಯಾರಿಬ್ಯಾಗ್ ಇಟ್ಟರೆ ಬೆಳಿಗ್ಗೆ ಪಟ್ಟ ಶ್ರಮ ಅರ್ಧ ಗಂಟೆಯಲ್ಲಿ ನೀರುಪಾಲು. ಮುಚ್ಚಳದ ಸ್ಟೀಲ್ ಡಬ್ಬಿ ಒಯ್ಯಿರಿ, ಅಲ್ಲೇ ಒಂದು ಹಿಡಿ ಐಸ್ ಕೇಳಿ ಹಾಕಿಸಿಕೊಳ್ಳಿ. ಹೊಳೆ ಮೀನಿಗೊಂದು, ಕಡಲ ಮೀನಿಗೊಂದು ಬೇರೆ ಡಬ್ಬಿ ಇದ್ದರೆ ವಾಸನೆ ಕಲೆಯುವುದಿಲ್ಲ. ಅದೇ ದಿನ ಮಾಡುವಷ್ಟೇ ಕೊಳ್ಳಿ. ಉಳಿದರೆ ತೊಳೆದು, ನೀರು ಬಸಿದು, ಒಂದು ಹೊತ್ತಿಗೆ ಬೇಕಾದಷ್ಟನ್ನು ಒಂದೊಂದು ಚೀಲದಲ್ಲಿ ಗಾಳಿ ಇಲ್ಲದಂತೆ ಕಟ್ಟಿ ಫ್ರೀಜರ್‌ಗೆ ಹಾಕಿ. ಬಂಗಡೆಯಲ್ಲಿ ಎಣ್ಣೆ ಜಾಸ್ತಿ, ಬೇಗ ಕಮಟುತ್ತದೆ, ಅದನ್ನು ಮೊದಲು ಮುಗಿಸಿ. ಕರಗಿಸುವಾಗ ಹಿಂದಿನ ರಾತ್ರಿಯೇ ಫ್ರಿಜ್‌ನ ಕೆಳಗಿನ ಖಾನೆಗೆ ಇಳಿಸಿ, ಒಮ್ಮೆ ಕರಗಿದ್ದನ್ನು ಮತ್ತೆ ಫ್ರೀಜರ್‌ಗೆ ಹಾಕಬೇಡಿ.